ದಂಡಿನ ಉಪಾಧ್ಯಾಯರು

ಓದಿನ ದಾರಿ ಬೇರೆ, ದಂಡಿನ ದಾರಿ ಬೇರೆ ಎಂಬ ಭಾವನೆ ನಮ್ಮ ಗೃಹಸ್ಥರ ಮನಸ್ಸಿನಲ್ಲಿ ಬಹುಕಾಲದಿಂದ ನೆಲೆಯೂರಿ ನಿಂತಿದೆ. ಹುಡುಗನು ಪಾಠದಲ್ಲಿ ಹಿಂದಾಗಿ ಆಟದಲ್ಲಿ ಮುಂದಾದರೆ 'ಇವನು ದಂಡಿಗೆ ಸೇರಲಿ' ಎನ್ನುವರು, ಎಂ. ಎ. ಪರೀಕ್ಷೆಯಲ್ಲಿ ಮೇಲ್ದರ್ಜೆಯಲ್ಲಿ ತೇರ್ಗಡೆಯಾದ ಮಗನಿಗೆ ಯಾರಾದರೂ ಸೈನ್ಯದ ಹೆಸರನ್ನು ಸೂಚಿಸಿದರೆ ಹುಬ್ಬುಗಂಟಿಕ್ಕುವರು. ಸೈನ್ಯಕ್ಕೆ ಬೇಕಾದುದು ತೋಳು, ತಲೆಯಲ್ಲ ಎಂಬುದೇ ಇದರ ತಿರುಳು. ಆದರೆ ಕರಿಹಲಗೆಯನ್ನೂ ಸೀಮೆಸುಣ್ಣವನ್ನೂ ಮುಂದಿಟ್ಟುಕೊಂಡು ಕೆಲಸಮಾಡುವ ಒಂದು ಇಡಿಯ ದಳವೇ ನಮ್ಮ ಭೂಸೈನ್ಯದಲ್ಲಿ ಉಂಟು. ಆರ್ಮಿ ಎಜುಕೇಷನ್ ಕೋರ್ ಎಂಬುದು ಅದರ ಹೆಸರು. ನಾವು ಅದನ್ನು ಸೈನಿಕ ಶಿಕ್ಷಣದಳವೆಂದು ಕರೆಯೋಣ. ಅದರ ಅಧಿಕಾರಿಗಳು ಹೆಗಲ ಮೇಲೆ ನಕ್ಷತ್ರಗಳನ್ನು ಧರಿಸಿದವರು, ವೃತ್ತಿಯಿಂದ ಉಪಾಧ್ಯಾಯರು. ಈ ತಿಂಗಳು ವಾಚಕರೊಡನೆ ಆ ವೃತ್ತಿಯ ವಿಚಾರವನ್ನು ಮಾತನಾಡಬೇಕೆಂದಿದ್ದೇವೆ.

ಆಯುಧವಿದ್ಯೆಯನ್ನೂ ಶಾಸ್ತ್ರವಿದ್ಯೆಯನ್ನೂ ದೂರದೂರ ಇಟ್ಟವರು ನಮ್ಮ ಪೂರ್ವಿಕರಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣಕ್ಕೆ ವಿನಯಾಧಿಕಾರಿಕವೆಂದು ಹೆಸರು. ಈಗ ನಾವು ವಿನಯವೆಂದರೆ ತಲೆಬಾಗಿ ನಿಲ್ಲುವುದೆಂದು ತಿಳಿಯುತ್ತೇವೆ. ಕೌಟಿಲ್ಯನಿಗೆ ಅದು ಶಿಕ್ಷಣ; ಒಬ್ಬನನ್ನು ಸರಿಯಾದ ದಾರಿಯಲ್ಲಿ ಕೈಹಿಡಿದು ನಡೆಸುವುದು. ರಾಜಕುಮಾರನು ಹಗಲಿನ ಪೂರ್ವಭಾಗದಲ್ಲಿ ಆನೆ, ಕುದುರೆ, ರಥ, ಆಯುಧಗಳ ವಿದ್ಯೆಯನ್ನು ಕಲಿತು, ಉತ್ತರಭಾಗದಲ್ಲಿ ಇತಿಹಾಸವನ್ನು ಕೇಳಬೇಕೆಂದು ಅವನು ವಿಧಿಸುತ್ತಾನೆ. ಆದರೆ ಆ ವಿಧಿ ರಾಜಪುತ್ರನಿಗೆ ಮಾತ್ರ. ಭರ್ಜಿ ಹಿಡಿದು ಮುಂದೆ ನಡೆಯುವ ಸಾಮಾನ್ಯ ಪದಾತಿಗೆ ಓದು ಕಲಿಸುವ ಯೋಚನೆ ಯಾರಿಗೂ ಬಂದಂತೆ ಕಾಣದು. ದ್ರೋಣಾಚಾರ್ಯರಂತಹ ಗುರುಗಳೇ ಏಕಲವ್ಯನನ್ನು ಶಿಷ್ಯನೆಂದು ಸ್ವೀಕರಿಸಲಿಲ್ಲ. ಬಳಿಕ ಗುರುದಕ್ಷಿಣೆಯೆಂದು ಅವನ ಹೆಬ್ಬೆರಳನ್ನು ಪಡೆದರು. ಎದುರಿಗೆ ಕುಳಿತವನು ಯಾರ ಮಗನೆಂದು ಕೇಳದೆ ಕಲಿಸುವ ಸೇನಾಚಾರ್ಯನು ಹುಟ್ಟಿಬರಲು ಬಹುಕಾಲ ಹಿಡಿಯಿತು.

ಇಂಗ್ಲೆಂಡಿನ ಸೈನ್ಯದಲ್ಲಿ ಪ್ರತಿಯೊಂದು ಪಟಾಲಮಿಗೂ ಒಬ್ಬ ಸಾರ್ಜೆಂಟ್ ಉಪಾಧ್ಯಾಯನನ್ನು ನೇಮಿಸುವ ಪದ್ಧತಿ 1812ರ ಸುಮಾರಿಗೆ ಬಂದಿತು. 1846ರಲ್ಲಿ ಇಂತಹ ಉಪಾಧ್ಯಾಯರದೇ ಒಂದು ದಳ ಏರ್ಪಟ್ಟಿತು. ಇದು ಕೇವಲ ಔದಾರ್ಯದಿಂದ ಆದ ಕಾರ್ಯವಲ್ಲ. ಹಾಜರಿಯ ಪಟ್ಟಿ, ಸಂಬಳದ ಲೆಕ್ಕ, ಉಗ್ರಾಣದ ಬಾಕಿ, ಮೇಲಿನಿಂದ ಬಂದ ಆಜ್ಞಾಪತ್ರ, ಇವನ್ನು ಓದಲಾರದವನನ್ನು ನಾಯಕನನ್ನಾಗಿ ಮಾಡುವುದು ಹೇಗೆ? ಆದಕಾರಣ 1861ರಲ್ಲಿ ದರ್ಜೆದರ್ಜೆಯಾಗಿ ಶಿಕ್ಷಣದ ಪ್ರಮಾಣಪತ್ರಗಳನ್ನು ಏರ್ಪಡಿಸಿ, ಬಡ್ತಿಯನ್ನು ಅವಕ್ಕೆ ಗಂಟುಹಾಕಿದರು. ಅದಕ್ಕೆ ಮುನ್ನವೇ, ಕ್ರೈಮಿಯಾ ಯುದ್ಧಕಾಲದಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ಅವರು ಸ್ಕುಟಾರಿಯ ಆಸ್ಪತ್ರೆಯ ಬಳಿ 1855ರಲ್ಲಿ ಸಿಪಾಯಿಗಳಿಗಾಗಿ ವಾಚನಾಲಯವನ್ನು ತೆರೆದಿದ್ದರು. ಸಿಪಾಯಿಯ ಕೈಗೆ ಬಿಡುವು ಸಿಕ್ಕರೆ ಅವನು ಕುಡಿಯುವನೇ ಹೊರತು ಓದಲಾರನೆಂದು ಮೇಲಧಿಕಾರಿಗಳು ನಂಬಿದ್ದ ಕಾಲ ಅದು. ಪುಸ್ತಕವಿಟ್ಟರೆ ಓದಿದರು, ಮನೆಗೆ ಹಣ ಕಳುಹಿಸುವ ಏರ್ಪಾಡು ಮಾಡಿಕೊಟ್ಟರೆ ಕಳುಹಿಸಿದರು. ಮನುಷ್ಯನನ್ನು ಮನುಷ್ಯನೆಂದು ಎಣಿಸಿದರೆ ಅವನೂ ಹಾಗೆಯೇ ನಡೆಯುವನೆಂಬ ಪಾಠವನ್ನು ಆ ತಾಯಿ ಸೇನಾಪತಿಗಳಿಗೆ ಕಲಿಸಿದರು.

ನಮ್ಮ ದೇಶದ ಕಥೆಗೆ ಬರೋಣ. 1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದ ಭಾರತೀಯರು ಸಮುದ್ರ ದಾಟಿ ಹೋದರು. ಅವರಲ್ಲಿ ಬಹುಮಂದಿಗೆ ಓದುಬರೆಹ ಬಾರದು. ಫ್ರಾನ್ಸಿನ ಕೆಸರುಗುಂಡಿಗಳಲ್ಲಿ ಗಾಯಗೊಂಡು ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಅರಮನೆಯಲ್ಲಿ ತೆರೆದಿದ್ದ ಆಸ್ಪತ್ರೆಯಲ್ಲಿ ಮಲಗಿದ್ದ ಸಿಪಾಯಿಯು ಹೆಂಡತಿಗೆ ಒಂದು ಕಾಗದ ಬರೆಯಬೇಕಾದರೆ, ಅಕ್ಷರ ಬಲ್ಲ ಬೇರೊಬ್ಬನ ಮುಂದೆ ಹೇಳಿ ಬರೆಯಿಸಬೇಕು. ಆ ಕಾಗದವನ್ನು ಪರಿಶೀಲನೆಯ ಅಧಿಕಾರಿಗಳು ಒಡೆದು ಓದುವರು. ಊರು ಸೇರಿದ ಮೇಲೆ ಅಲ್ಲಿಯೂ ಓದುಬಲ್ಲವರೊಬ್ಬರು ಹತ್ತು ಜನರ ಎದುರಿನಲ್ಲಿ ಅದನ್ನು ಓದಿಹೇಳುವರು. ಗಂಡಹೆಂಡಿರ ನಡುವಣ ಮಾತು ಮೂರು ಜನ ಅಪರಿಚಿತರ ಬಾಯಿ ಕಣ್ಣುಗಳನ್ನು ಹಾದು ಬರಬೇಕು! ನೋವೆಂದರೂ ಭಯವೆಂದರೂ ಮನಸ್ಸನ್ನು ಬಿಚ್ಚಿ ಹೇಳುವುದೆಂತು? ಅಕ್ಷರವಿಲ್ಲದವನಿಗೆ ಗುಟ್ಟೂ ಇಲ್ಲ ಎಂಬುದನ್ನು ನಮ್ಮ ವಾಚಕಿಯರು ಒಂದು ಕ್ಷಣ ಯೋಚಿಸಿ ನೋಡಬೇಕು.

ಆ ಯುದ್ಧ ಮುಗಿದ ಸ್ವಲ್ಪಕಾಲದಲ್ಲಿಯೇ, 1921ರಲ್ಲಿ, ಸೈನ್ಯದ ಉಪಾಧ್ಯಾಯರನ್ನು ತಯಾರಿಸುವ ಶಾಲೆಯೊಂದು ನಮ್ಮ ಬೆಳಗಾವಿಯಲ್ಲಿ ಸ್ಥಾಪಿತವಾಯಿತು. ಆಗ ಸಿಪಾಯಿಗಳಿಗೆ ಹಿಂದುಸ್ತಾನಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಕಲಿಸುತ್ತಿದ್ದರು. ನಾನಾ ಪ್ರಾಂತಗಳ ಜನಕ್ಕೆ ಒಂದು ಲಿಪಿ ಸಾಕೆಂಬ ಅನುಕೂಲ ಅದರಲ್ಲಿತ್ತು. ಊರಿಗೆ ಬಂದರೆ ಆ ಲಿಪಿಯಲ್ಲಿ ಬರೆದುದನ್ನು ಓದುವವರಿಲ್ಲವೆಂಬ ಕೊರತೆಯೂ ಇತ್ತು. ಸ್ವಾತಂತ್ರ್ಯಾನಂತರ ದೇವನಾಗರಿ ಲಿಪಿಯ ಹಿಂದಿ ಅದರ ಸ್ಥಾನಕ್ಕೆ ಬಂದಿತು. ಸಿಪಾಯಿಗಳ ಮಕ್ಕಳಿಗಾಗಿ ತೆರೆದ ಕಿಂಗ್ ಜಾರ್ಜ್ ಶಾಲೆಗಳಲ್ಲಿ ಎರಡು ನಮ್ಮ ನಾಡಿನಲ್ಲಿಯೇ, ಬೆಳಗಾವಿಯಲ್ಲಿ 1945ರಲ್ಲಿಯೂ ಬೆಂಗಳೂರಿನಲ್ಲಿ 1946ರಲ್ಲಿಯೂ, ಹುಟ್ಟಿದವು. ಅವೇ ಈಗ ರಾಷ್ಟ್ರೀಯ ಮಿಲಿಟರಿ ಶಾಲೆಗಳೆಂಬ ಹೆಸರಿನಿಂದ ನಡೆಯುತ್ತಿವೆ.

ಈಗ ಶಿಕ್ಷಣದಳದ ತವರುಮನೆ ಮಧ್ಯಪ್ರದೇಶದಲ್ಲಿ, ಸಾತ್ಪುರ ಪರ್ವತಗಳ ಮೇಲೆ ಸುಮಾರು 3,500 ಅಡಿ ಎತ್ತರದಲ್ಲಿರುವ ಪಚ್ಮಢಿ. ಅಲ್ಲಿ ದಳದ ಉಪಾಧ್ಯಾಯರಿಗೆ ಬೋಧನಕ್ರಮವನ್ನೂ, ನಕ್ಷೆ ಓದುವ ವಿದ್ಯೆಯನ್ನೂ, ವಿದೇಶೀಯ ಭಾಷೆಗಳನ್ನೂ ಕಲಿಸುತ್ತಾರೆ. ಸೈನ್ಯದ ವಾದ್ಯಗಾರರಿಗೆ ಸಂಗೀತ ಕಲಿಸುವ ಶಾಲೆಯೂ ಅಲ್ಲಿಯೇ; ಕೊಡಗಿನ ಕೆ. ಎಂ. ಕಾರಿಯಪ್ಪನವರು ಮಹಾದಂಡನಾಯಕರಾಗಿದ್ದಾಗ, 1950ರಲ್ಲಿ, ಅದು ಆರಂಭವಾಯಿತು. ಕಲಿತು ಹೊರಟ ಅಧಿಕಾರಿಗಳು ಪಟಾಲಮುಗಳಲ್ಲಿ, ತರಬೇತಿಯ ಕೇಂದ್ರಗಳಲ್ಲಿ, ಡೆಹರಾಡೂನ್ ಖಡಕ್‌ವಾಸ್ಲಾಗಳ ಅಕಾಡೆಮಿಗಳಲ್ಲಿ, ಸೈನಿಕ ಶಾಲೆಗಳಲ್ಲಿ ಕೆಲಸಮಾಡುವರು. ಅವರ ಕೈಕೆಳಗೆ ಹವಿಲ್ದಾರ್ ದರ್ಜೆಯ ಪದವೀಧರ ಉಪಾಧ್ಯಾಯರೂ ಇರುವರು. ನೌಕಾಸೈನ್ಯದಲ್ಲಿಯೂ ವಾಯುಸೈನ್ಯದಲ್ಲಿಯೂ ಇಂತಹ ಶಾಖೆಗಳುಂಟು.

ಇವರು ಕಲಿಸುವ ವಿಷಯಗಳಲ್ಲಿ ನಕ್ಷೆಯ ಪಾಠವೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದರೆ ವೃತ್ತಿಯ ಸ್ವರೂಪ ತಾನಾಗಿ ತಿಳಿದೀತು. ಸೈನ್ಯದಲ್ಲಿ ಸಾಮಾನ್ಯವಾಗಿ ಬಳಸುವ ನಕ್ಷೆಯಲ್ಲಿ ಎರಡು ಸೆಂಟಿಮೀಟರು ನೆಲದ ಮೇಲಣ ಒಂದು ಕಿಲೋಮೀಟರಿಗೆ ಸಮ. ಗುಡ್ಡವೂ ಕಣಿವೆಯೂ ಚಪ್ಪಟೆಯಾದ ಕಾಗದದ ಮೇಲೆ ಬರುವುದು ಹೇಗೆ? ಸಮಾನವಾದ ಎತ್ತರದಲ್ಲಿರುವ ಸ್ಥಳಗಳನ್ನೆಲ್ಲ ಸೇರಿಸಿ ಒಂದೊಂದು ಗೆರೆಯನ್ನು ಎಳೆಯುವರು. ಒಂದು ಗೆರೆಯಿಂದ ಮುಂದಿನ ಗೆರೆಗೆ ಇಪ್ಪತ್ತು ಮೀಟರು ಏರು. ಇದನ್ನು ಹೊಸದಾಗಿ ಸೇರಿದ ಹಳ್ಳಿಯ ಹುಡುಗನಿಗೆ ಮಾತಿನಿಂದ ತಿಳಿಸಹೊರಟರೆ ಅವನು ಕಣ್ಣುಕಣ್ಣು ಬಿಡುವನು. ನಾವಾಗಿದ್ದರೆ ಅವನ ಊರಿನ ಕೆರೆಯನ್ನು ನೆನಪಿಗೆ ತರುತ್ತಿದ್ದೆವು. ಬೇಸಗೆಯಲ್ಲಿ ಕೆರೆ ಬತ್ತುತ್ತ ಬಂದಂತೆ ನೀರು ನಿಂತ ಮಟ್ಟವೆಲ್ಲ ದಂಡೆಯ ಮೇಲೆ ಒಂದರ ಕೆಳಗೊಂದು ಗೆರೆಯಾಗಿ ಉಳಿಯುವುದಷ್ಟೆ? ದಂಡೆ ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿರುವುವು. ಇಳಿಜಾರು ಮೆತ್ತಗಿರುವ ಕಡೆ ದೂರದೂರವಾಗಿರುವುವು. ಇದನ್ನು ಕಂಡ ಹುಡುಗನಿಗೆ ನಕ್ಷೆಯ ಅರ್ಧ ವಿದ್ಯೆ ಬಂದಂತೆಯೇ. ಸೈನ್ಯದ ಉಪಾಧ್ಯಾಯರು ಇದಕ್ಕಾಗಿಯೇ ನೆಲದ ಮೇಲೆ ಮರಳಿನಿಂದ ಗುಡ್ಡ ಹಳ್ಳಗಳನ್ನು ನಿರ್ಮಿಸಿ ತೋರಿಸುವರು. ಪರಿಚಿತವಾದುದರಿಂದ ಅಪರಿಚಿತಕ್ಕೆ ನಡೆಸಬೇಕೆಂಬ ಬೋಧನಸೂತ್ರ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ.

ಆದರೆ ಒಂದು ಭೇದವುಂಟು. ಅದೇ ಈ ವೃತ್ತಿಯ ಮರ್ಮ. ನಕ್ಷೆಯ ಮೇಲೆ ಒಂದು ಸ್ಥಳವನ್ನು ಆರು ಅಂಕಿಗಳಿಂದ ಸೂಚಿಸುವರು. ಮೊದಲ ಮೂರು ಅಂಕಿ ಪೂರ್ವದ ಕಡೆಯ ದೂರ, ಮುಂದಿನ ಮೂರು ಉತ್ತರದ ಕಡೆಯ ದೂರ. ಕೊನೆಯ ಅಂಕಿಯೊಂದು ತಪ್ಪಿದರೆ ಸ್ಥಳವು ಕಡಮೆಯೆಂದರೂ ನೂರು ಮೀಟರು ಆಚೆಗೆ ಹೋಗುವುದು. ಪೂರ್ವೋತ್ತರಗಳನ್ನೇ ಅದಲುಬದಲು ಮಾಡಿದರೆ ಎಷ್ಟೋ ಕಿಲೋಮೀಟರು ದೂರಕ್ಕೆ ಹಾರುವುದು. ನಮ್ಮ ಶಾಲೆಯ ಹುಡುಗನು ಲೆಕ್ಕವನ್ನು ತಪ್ಪಿದರೆ ಕೆಂಪು ಮಸಿಯ ಗೀಟೊಂದು ಬೀಳುವುದು, ಮರುದಿನ ತಿದ್ದಿಕೊಂಡು ಬರುವನು. ಅಲ್ಲಿ ಆ ಆರು ಅಂಕಿಗಳನ್ನು ನಂಬಿ ಹಿಂದಿನಿಂದ ಫಿರಂಗಿಗಳು ಗುಂಡುಹಾರಿಸುವುವು. ಅಂಕಿ ಎಲ್ಲಿಗೆ ಹೇಳಿತೋ ಗುಂಡು ಅಲ್ಲಿಗೆ ಬೀಳುವುದು; ಅಲ್ಲಿರುವವರು ಶತ್ರುಗಳೋ ತನ್ನ ಒಡನಾಡಿಗಳೋ ಎಂದು ಗುಂಡು ಕೇಳದು. ಹೀಗಿರುವಾಗ ನೂರಕ್ಕೆ ಮೂವತ್ತೈದು ಬಂದರೆ ಸಾಕೆಂಬ ಮಾತು ಆ ತರಗತಿಯಲ್ಲಿ ನಡೆಯುವುದೆಂತು? ಹಿಂದೆ ಕುಳಿತ ಮಂದಬುದ್ಧಿಯ ಹುಡುಗನನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುವ ಸ್ವಾತಂತ್ರ್ಯ ಆ ಉಪಾಧ್ಯಾಯನಿಗಿಲ್ಲ. ಗಡಿಯ ಮೇಲೆ ದೂರವಾಣಿಯನ್ನು ಕೈಗೆತ್ತಿಕೊಂಡು ಆ ಆರು ಅಂಕಿಗಳನ್ನು ಹೇಳಬೇಕಾದವನು ಅವನೇ ಆಗಬಹುದು.

ಈ ತರಗತಿಯಲ್ಲಿ ಮತ್ತೊಂದು ತೊಡಕುಂಟು. ನಾವು ಮೂವತ್ತಕ್ಕೂ ಮಿಗಿಲಾದ ವರ್ಷ ಹುಡುಗರ ನಡುವೆ ಇದ್ದವರು. 'ತಿಳಿಯಿತೆ?' ಎಂದು ಕೇಳಿದರೆ ತಿಳಿಯದವರೇ ಮೊದಲು ತಲೆಯಾಡಿಸುವರೆಂಬುದನ್ನು ಬಲ್ಲೆವು. ಸೈನ್ಯದಲ್ಲಿ ಈ ತೊಂದರೆ ಇಮ್ಮಡಿ. ಕಲಿಸುವವನು ಅಧಿಕಾರಿ, ಕಲಿಯುವವನು ಸಿಪಾಯಿ. ಮೇಲಿನವರ ಮಾತಿಗೆ 'ಜೀ ಸಾಬ್' ಎನ್ನುವುದನ್ನು ಸೇರಿದ ದಿನದಿಂದ ಕವಾಯತಿನ ಮೈದಾನದಲ್ಲಿ ರೂಢಿಮಾಡಿಸಿರುವರು. ಅದು ಅಲ್ಲಿ ಬೇಕಾದ ಗುಣವೇ. ಗುಂಡು ಹಾರುವ ವೇಳೆ ಚರ್ಚೆಗೆ ಕಾಲವಿಲ್ಲ. ಆದರೆ ಅದೇ 'ಜೀ ಸಾಬ್' ತರಗತಿಯೊಳಗೆ ಬಂದರೆ ವಿದ್ಯೆ ಬಾಗಿಲಲ್ಲಿಯೇ ನಿಂತುಬಿಡುವುದು. ತನಗೆ ತಿಳಿಯಲಿಲ್ಲವೆಂದು ಹೇಳುವ ಧೈರ್ಯವನ್ನು, ಗುಂಡಿಗೆ ಎದೆಗೊಡಬಲ್ಲವನಿಗೂ, ಉಪಾಧ್ಯಾಯನೇ ತುಂಬಬೇಕು. ಇಪ್ಪತ್ತೈದು ಮೂವತ್ತು ವರ್ಷದ ಗಂಡಸು, ಹೆಂಡತಿಮಕ್ಕಳುಳ್ಳವನು, ಬೆಳಗಿನಿಂದ ಓಡಿ ದಣಿದು ಬಂದು, ಭಿನ್ನರಾಶಿಯ ಲೆಕ್ಕಕ್ಕೆ ಕುಳಿತಿರುವನು. ಕನ್ನಡಿಗನೋ ತಮಿಳನೋ ಆದರೆ ಪಾಠದ ಭಾಷೆಯಾದ ಹಿಂದಿಯೂ ಹೊಸದು. ಅವನನ್ನು ನಾಚಿಸದೆ, ಆದರೆ ಸಡಿಲಬಿಡದೆ, ಕಲಿಸಬೇಕು. ಆಜ್ಞೆಯನ್ನು ಪಾಲಿಸುವವನನ್ನು ಕವಾಯತಿನ ಗುರು ಸಿದ್ಧಮಾಡುವನು. ಆಜ್ಞೆಯ ಅರ್ಥವನ್ನು ಗ್ರಹಿಸಿ ಪಾಲಿಸುವವನನ್ನು ಸಿದ್ಧಮಾಡುವ ಹೊಣೆ ಶಿಕ್ಷಣಾಧಿಕಾರಿಯದು. ಆಜ್ಞೆ ಕೊಡುವವನು ಬಿದ್ದುಹೋದಾಗ, ಮೊದಲನೆಯವನು ಮುಂದಿನ ಆಜ್ಞೆಗೆ ಕಾಯುತ್ತ ನಿಲ್ಲುವನು. ಎರಡನೆಯವನು ಕಾರ್ಯವನ್ನು ಮುಂದುವರಿಸುವನು.

ಈ ವಿದ್ಯೆಯಿಂದ ಸಿಪಾಯಿಯ ಬಾಳೇ ಬದಲಾಗುವ ದಾರಿಯೂ ಉಂಟು. 1929ರಲ್ಲಿ ನೌಗಾಂವ್ ಎಂಬಲ್ಲಿ ಕಿಚನರ್ ಕಾಲೇಜನ್ನು ತೆರೆದು, ಕೆಳಗಿನ ಪಂಕ್ತಿಯಿಂದ ಆರಿಸಿದವರನ್ನು ಅಧಿಕಾರಿಗಳ ದರ್ಜೆಗೆ ಅಣಿಗೊಳಿಸುವ ಏರ್ಪಾಡನ್ನು ಮಾಡಿದರು. ಅದರ ಪರಂಪರೆಯಲ್ಲಿ ಬಂದ ಆರ್ಮಿ ಕೆಡೆಟ್ ಕಾಲೇಜು 1960ರಲ್ಲಿ ಆ ಹೆಸರನ್ನು ತಳೆದು, 1977ರಲ್ಲಿ ಪುಣೆಯಿಂದ ಡೆಹರಾಡೂನಿಗೆ ಬಂದಿತು. ಸಿಪಾಯಿಯಾಗಿ ಸೇರಿದ ರೈತನ ಮಗನು ಪರೀಕ್ಷೆಯನ್ನು ಗೆದ್ದು ಅಲ್ಲಿಗೆ ಹೋದರೆ, ಮೂರು ವರ್ಷ ಓದಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಬಳಿಕ ಅಕಾಡೆಮಿಯ ತರಬೇತಿ ಮುಗಿಸಿ ಅಧಿಕಾರಿಯಾಗಿ ಹೊರಬೀಳುವನು. ತಾನು ಸಲಾಮು ಮಾಡುತ್ತಿದ್ದ ದರ್ಜೆಗೆ ತಾನೇ ಏರುವನು. ಕೆಳಗಿನವನು ಮೇಲೇರಲು ಇರುವ ಈ ಏಣಿಯ ಮೆಟ್ಟಿಲುಗಳು ಪುಸ್ತಕಗಳು. ಏಣಿಯನ್ನು ಹಿಡಿದು ನಿಂತವನು ಉಪಾಧ್ಯಾಯ.

ಇತ್ತೀಚೆಗೆ ಈ ಉಪಾಧ್ಯಾಯನ ಹೊಣೆ ಮತ್ತೂ ಹೆಚ್ಚಿದೆ. 2022ರಲ್ಲಿ ಅಗ್ನಿಪಥವೆಂಬ ಯೋಜನೆ ಜಾರಿಗೆ ಬಂದು, ಅಗ್ನಿವೀರರೆಂಬ ಹೆಸರಿನಿಂದ ಹುಡುಗರನ್ನು ನಾಲ್ಕು ವರ್ಷದ ಮಟ್ಟಿಗೆ ಸೇರಿಸಿಕೊಳ್ಳುವ ಕ್ರಮ ಆರಂಭವಾಯಿತು. ಯೋಜನೆಯನ್ನು ಪ್ರಕಟಿಸಿದಾಗ ಹೇಳಿದಂತೆ, ನಾಲ್ಕು ವರ್ಷದ ಅನಂತರ ನೂರಕ್ಕೆ ಇಪ್ಪತ್ತೈದರಷ್ಟು ಮಂದಿ ಮುಂದುವರಿಯುವರು. ಮಿಕ್ಕವರು ಇಪ್ಪತ್ತು ದಾಟಿದ ಹರೆಯದಲ್ಲಿ ಮನೆಗೆ ಮರಳುವರು. ಈ ಯೋಜನೆಯ ಒಳಿತುಕೆಡುಕುಗಳ ವಾದಕ್ಕೆ ನಾವು ಇಳಿಯೆವು. ಮರಳಿದ ಹುಡುಗನ ಕೈಯಲ್ಲಿ ಇಡಿಗಂಟಾಗಿ ಕೊಟ್ಟ ಹಣವಿರುವುದು, ಮೈಯಲ್ಲಿ ಕಸುವಿರುವುದು; ತಲೆಯಲ್ಲಿ ಏನಿರುವುದು ಎಂಬುದು ನಮ್ಮ ಪ್ರಶ್ನೆ. ಹತ್ತನೆಯ ತರಗತಿ ಮುಗಿಸಿ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾಶಿಕ್ಷಣ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ದೊರೆಯುವ ಏರ್ಪಾಡನ್ನೂ, ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಪದವಿಯನ್ನು ಪಡೆಯುವ ಏರ್ಪಾಡನ್ನೂ 2022ರಲ್ಲಿಯೇ ಪ್ರಕಟಿಸಿದರು. ಒಳ್ಳೆಯದೇ. ಆದರೆ ಪ್ರಮಾಣಪತ್ರ ಬೇರೆ, ವಿದ್ಯೆ ಬೇರೆ ಎಂಬುದನ್ನು ಬಾಳೆಲ್ಲ ಕಂಡವರು ನಾವು. ಕಾವಲಿಗೂ ಕವಾಯತಿಗೂ ನಡುವೆ ಸಿಕ್ಕುವ ಬಿಡುವಿನಲ್ಲಿ ಆ ಹುಡುಗನಿಗೆ ನಿಜವಾಗಿ ನಾಲ್ಕಕ್ಷರ ಹತ್ತಿದರೆ ಅವನು ಊರಿಗೊಂದು ಬೆಳಕಾಗಿ ಬರುವನು. ಹತ್ತದಿದ್ದರೆ ಯಾವುದಾದರೊಂದು ಕಟ್ಟಡದ ಬಾಗಿಲಲ್ಲಿ ಕಾವಲು ನಿಲ್ಲುವನು. ಕಾವಲಿನ ಕೆಲಸ ಹೀನವೆಂದು ನಾವು ಹೇಳುವುದಿಲ್ಲ. ಬೇರೆ ದಾರಿಯೇ ಇಲ್ಲದೆ ಅಲ್ಲಿ ನಿಲ್ಲಬೇಕಾಗುವುದು ಹೀನ.

ಇನ್ನು ಈ ವೃತ್ತಿಗೆ ಸೇರುವ ಬಗೆ. ಅಧಿಕಾರಿಯಾಗುವವನು ನಿಗದಿಯಾದ ವಿಷಯಗಳಲ್ಲೊಂದರಲ್ಲಿ ಎಂ. ಎ. ಅಥವಾ ಎಂ. ಎಸ್‌ಸಿ. ಮುಗಿಸಿರಬೇಕು. ಯಾವ ವರ್ಷ ಯಾವ ವಿಷಯಕ್ಕೆ ಎಷ್ಟು ಸ್ಥಾನ, ವಯಸ್ಸಿನ ಮಿತಿಯೆಷ್ಟು ಎಂಬುದನ್ನು ಆಯಾ ಕಾಲದ ಸರ್ಕಾರಿ ಪ್ರಕಟಣೆಯಲ್ಲಿ ನೋಡತಕ್ಕದ್ದು. ಬಳಿಕ ಆಯ್ಕೆಯ ಮಂಡಲಿಯ ಮುಂದೆ ಐದು ದಿನಗಳ ಪರೀಕ್ಷೆ. ಮನಸ್ಸಿನ ಒಲವನ್ನು ಅಳೆಯುವ ಪ್ರಶ್ನೆಗಳು, ಹತ್ತುಜನರೊಡನೆ ಕೂಡಿ ಮಾಡುವ ಕೆಲಸಗಳು, ಏಕಾಂತ ಸಂದರ್ಶನ, ಕೊನೆಗೆ ವೈದ್ಯರ ತಪಾಸಣೆ, ಇವೆಲ್ಲವನ್ನೂ ದಾಟಬೇಕು. ಆರಿಸಲ್ಪಟ್ಟವನು ಉಪಾಧ್ಯಾಯನಾಗುವ ಮುನ್ನ ಸೈನಿಕನಾಗಬೇಕು; ಅಕಾಡೆಮಿಯಲ್ಲಿ ಎಲ್ಲರಂತೆ ಓಡಿ, ಹತ್ತಿ, ಗುರಿಯಿಟ್ಟು ಹೊಡೆಯುವುದನ್ನು ಕಲಿತೇ ಲೆಫ್ಟಿನೆಂಟ್ ಆಗುವನು. 2016ರಿಂದ ಲೆಕ್ಕಕ್ಕೆ ಬಂದ ಏಳನೆಯ ವೇತನ ಆಯೋಗವು ಆ ದರ್ಜೆಗೆ ತಿಂಗಳಿಗೆ 56,100 ರೂಪಾಯಿಗಳ ಆರಂಭದ ಮೂಲವೇತನವನ್ನೂ ಅದರ ಮೇಲೆ 15,500 ರೂಪಾಯಿಗಳ ಸೈನಿಕ ಸೇವಾವೇತನವನ್ನೂ ಗೊತ್ತುಮಾಡಿತು; ಭತ್ಯಗಳು ಬೇರೆ.

ಹೆಣ್ಣುಮಕ್ಕಳ ತಾಯಿತಂದೆಗಳೂ ಇದನ್ನು ಗಮನಿಸಬೇಕು. ವೈದ್ಯಶುಶ್ರೂಷೆಗಳ ಹೊರಗೆ 1992ರಲ್ಲಿ ಸ್ತ್ರೀಯರನ್ನು ಸೈನ್ಯಾಧಿಕಾರಿಗಳಾಗಿ ಸೇರಿಸಿಕೊಳ್ಳಲು ತೊಡಗಿದಾಗ ಬಾಗಿಲು ತೆರೆದ ಕೆಲವೇ ವಿಭಾಗಗಳಲ್ಲಿ ಶಿಕ್ಷಣದಳವೂ ಒಂದು. 2008ರಲ್ಲಿ ಸ್ತ್ರೀಯರಿಗೆ ಪೂರ್ಣಾವಧಿಯ ಅಧಿಕಾರವನ್ನು ಮೊದಲು ಕೊಡಲೊಪ್ಪಿದ್ದು ಎರಡು ವಿಭಾಗಗಳಲ್ಲಿ: ಒಂದು ನ್ಯಾಯದ್ದು, ಇನ್ನೊಂದು ಶಿಕ್ಷಣದ್ದು. ಇತರ ಹಲವು ವಿಭಾಗಗಳಿಗೆ ಈ ಹಕ್ಕು ಹಬ್ಬಿದ್ದು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಮೇಲೆ. ಸರಸ್ವತಿಯ ಮನೆಯ ಬಾಗಿಲು ಇತರ ಬಾಗಿಲುಗಳಿಗಿಂತ ಬೇಗ ತೆರೆಯಿತೆಂಬುದು ನಮಗೆ ಸಂತೋಷದ ಸಂಗತಿ.

ಕಷ್ಟಗಳನ್ನು ಮುಚ್ಚಿಟ್ಟು ವೃತ್ತಿಯನ್ನು ಹೊಗಳುವುದು ಹಿರಿಯರಿಗೆ ತಕ್ಕುದಲ್ಲ. ದಳ ಚಿಕ್ಕದು, ಮೇಲಿನ ಪದವಿಗಳು ಎಣಿಕೆಯವು, ಕಾಲಾಳಿನ ದಳದಲ್ಲಿ ಸೇನಾಪತಿಯವರೆಗೆ ಹೋಗುವ ಕನಸನ್ನು ಕಾಣುವವನಿಗೆ ಇದು ದಾರಿಯಲ್ಲ. ಎರಡು ಮೂರು ವರ್ಷಕ್ಕೊಮ್ಮೆ ವರ್ಗ; ಇಂದು ಮರುಭೂಮಿ, ನಾಳೆ ಹಿಮದ ತಪ್ಪಲು. ಮಕ್ಕಳ ಶಾಲೆ ಬದಲಾಗುವುದು, ಮನೆಯ ಸಾಮಾನು ಪೆಟ್ಟಿಗೆಯಿಂದ ಪೂರ್ತಿ ಹೊರಬರುವುದೇ ಇಲ್ಲ. ಮುಂಚೂಣಿಯಲ್ಲಿ ಹೋರಾಡುವವರು ಒಮ್ಮೊಮ್ಮೆ 'ನಮ್ಮ ಮಾಸ್ತರು' ಎಂದು ನಕ್ಕರೆ ನಗಲಿ. ಅದನ್ನು ಸಹಿಸುವ ಹೃದಯ ಬೇಕು. ಸಮವಸ್ತ್ರದ ಹೊಳಪಿಗೆ ಮಾತ್ರ ಮನಸೋತವನೂ, ಬೇರೆ ಕೆಲಸ ಸಿಕ್ಕಲಿಲ್ಲವೆಂದು ಹೊರಟವನೂ ಇಲ್ಲಿ ನೆಮ್ಮದಿ ಕಾಣಲಾರರು. ಕಲಿಸುವುದರಲ್ಲಿ ಸುಖವುಂಟೆಂದು ಬಲ್ಲವನು, ದಣಿದ ದೇಹದೊಳಗಿನ ಎಚ್ಚರದ ಮನಸ್ಸನ್ನು ಹುಡುಕಿ ಮಾತನಾಡಿಸಬಲ್ಲವನು, ಅವನು ಹೋಗಲಿ.

ವಾಚಕಮಹಾಶಯರಲ್ಲಿ ನಮ್ಮದು ಒಂದೆರಡು ವಿನಂತಿ. ನಿಮ್ಮ ಮನೆಯಲ್ಲಿ ಎಂ. ಎ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆಂದು ಮೂರನೆಯ ಬಾರಿ ಕುಳಿತಿರುವ ಮಗನೋ ಮಗಳೋ ಇದ್ದರೆ, ಇಂತಹುದೊಂದು ದಾರಿಯೂ ಉಂಟೆಂದು ತಿಳಿಸಿರಿ; ಆರಿಸಿಕೊಳ್ಳುವುದನ್ನು ಅವರಿಗೇ ಬಿಡಿರಿ. ನಿಮ್ಮ ಬೀದಿಯಲ್ಲಿ ಸಿಪಾಯಿಯ ಕೆಲಸದಲ್ಲಿರುವ ಹುಡುಗನೊಬ್ಬನು ರಜೆಗೆ ಬಂದಿದ್ದರೆ, ಗಡಿಯ ಸುದ್ದಿಯನ್ನು ಕೇಳಿದ ಮೇಲೆ, 'ಅಲ್ಲಿ ಏನು ಓದುತ್ತಿದ್ದೀಯಪ್ಪ?' ಎಂದೂ ಒಂದು ಮಾತು ಕೇಳಿರಿ. ಓದುತ್ತಿದ್ದರೆ ಬೆನ್ನುತಟ್ಟಿರಿ, ಇಲ್ಲದಿದ್ದರೆ ಮರಳಿ ಹೋಗುವಾಗ ಅವನ ಪೆಟ್ಟಿಗೆಯಲ್ಲಿ ಚಕ್ಕುಲಿಯ ಡಬ್ಬಿಯ ಪಕ್ಕಕ್ಕೆ ಒಂದು ಒಳ್ಳೆಯ ಕನ್ನಡ ಪುಸ್ತಕವನ್ನು ಇಟ್ಟು ಕಳುಹಿಸಿರಿ.